ಆಕೀನ್ನ ಬಾರಸು

ಗುರುಬಸಯ್ಯ ಮಾಸ್ತರು ಮಲಪ್ರಭೆಯ ದಂಡೆಯ ಮೇಲಿನ ಒಂದು ಸಣ್ಣ ಮಠದಲ್ಲಿದ್ದರು. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದವರು. ಕಂಪನಿ ಮುಚ್ಚಿದ ಮೇಲೆ ಪೇಟಿಯನ್ನು ಹೆಗಲ ಮೇಲೆ ಹೊತ್ತು ಇಲ್ಲಿಗೆ ಬಂದರು. ಮತ್ತೆ ಎಲ್ಲಿಗೂ ಹೋಗಲಿಲ್ಲ. ಈಗ ವಯಸ್ಸು ಎಂಬತ್ತು ದಾಟಿತ್ತು.

ಒಂದು ಬೆಳಿಗ್ಗೆ ಅವರ ಕೋಣೆಯ ಬಾಗಿಲಿಗೆ ಒಬ್ಬ ಮನುಷ್ಯ ಬಂದು ನಿಂತ. ತಲೆ ನರೆತಿತ್ತು. ಕೈಯಲ್ಲೊಂದು ಚೀಲ.

"ಯಾರು?"

"ನಾನ್ರಿ ಮಾಸ್ತರ, ವಸುಪಾಲ."

ಮಾಸ್ತರು ಬಹಳ ಹೊತ್ತು ಅವನ ಮುಖ ನೋಡಿದರು.

"ಕೂಡು. ಚಾ ಕುಡೀತಿ?"

ಇಪ್ಪತ್ತಾರು ವರ್ಷಗಳ ಮೇಲೆ ಬಂದ ಶಿಷ್ಯನನ್ನು ಅವರು ಕೇಳಿದ್ದು ಅಷ್ಟೇ.

ವಸುಪಾಲ ಕಂಪನಿ ಸೇರಿದಾಗ ಅವನಿಗೆ ಇಪ್ಪತ್ತು ತುಂಬಿತ್ತು. ಮಾಸ್ತರ ಎಡಕ್ಕೆ ಕುಳಿತು ಕಲಿತ. ರಾಗಕ್ಕಿಂತ ಮೊದಲು ಮಾಸ್ತರು ಅವನಿಗೆ ಕಲಿಸಿದ್ದು ನೋಡುವುದನ್ನು.

"ಪೇಟಿ ನೋಡಬ್ಯಾಡ. ನಟನ ಗಂಟಲಾ ನೋಡು. ಮಾತು ಹುಟ್ಟೂಕಿಂತ ಮದಲ ಅಲ್ಲಿ ಉಸಿರು ಅಲಗಾಡತೈತಿ. ಅದನ್ನ ಹಿಡಿ."

ಅವನು ಹಿಡಿದ. ಆ ವಿದ್ಯೆಯ ಬಲದ ಮೇಲೆಯೇ ಸಿನಿಮಾಕ್ಕೆ ಹೋದ.

ಅಲ್ಲಿ ಅವನದು ಹಾಡು ಕಟ್ಟುವ ಕೆಲಸವಲ್ಲ, ಹಿನ್ನೆಲೆ ಸಂಗೀತ. ಬೇರೆಯವರ ಕೆಲಸವೆಲ್ಲ ಮುಗಿದ ಮೇಲೆ ಸಿನಿಮಾ ಅವನ ಮುಂದೆ ಬರುತ್ತಿತ್ತು. ನಗುವವರ ಕೆಳಗೆ, ಅಳುವವರ ಕೆಳಗೆ, ರೈಲು ತಪ್ಪಿಸಿಕೊಂಡು ನಿಂತವರ ಕೆಳಗೆ ಅವನು ಸಂಗೀತ ಹಾಸಬೇಕು.

ಮೊದಮೊದಲು ಹಿನ್ನೆಲೆ ಸಂಗೀತ ಮುದ್ರಿಸುವ ರೀ-ರೆಕಾರ್ಡಿಂಗ್ ಎಂದರೆ ನಲವತ್ತು ಜನ. ಒಂದು ಸೀನು ಮುಗಿದರೆ ಪಿಟೀಲಿನವರು, ಕೊಳಲಿನವರು ಎಲ್ಲ ಹೊರಗೆ ನಿಂತು ಚಹಾ ಕುಡಿಯುತ್ತಿದ್ದರು, ಒಬ್ಬರ ತಪ್ಪಿಗೆ ಇನ್ನೊಬ್ಬರು ನಗುತ್ತಿದ್ದರು. ಆಮೇಲೆ ಇಪ್ಪತ್ತು ಜನರಾದರು. ಆಮೇಲೆ ಆರು. ಕೊನೆಗೆ ಉಳಿದದ್ದು ಒಂದು ಕೀಬೋರ್ಡು, ಒಂದು ಕಂಪ್ಯೂಟರು, ಕಿಟಕಿಯಿಲ್ಲದ ಕೋಣೆ ಮತ್ತು ಅವನು.

ಹಾಡು ಮಾಡಿದವರ ಹೆಸರು ಊರಿಗೆಲ್ಲ ಗೊತ್ತಿರುತ್ತಿತ್ತು. ಅವನ ಹೆಸರು ತೆರೆಯ ಮೇಲೆ ಬಂದು ಹೋಗುವಾಗ ಜನ ಇನ್ನೂ ಸೀಟು ಹುಡುಕುತ್ತಿರುತ್ತಿದ್ದರು.

ಆದರೆ ನಿರ್ದೇಶಕರು ಅವನನ್ನು ಬಲ್ಲರು. "ಸಾವಿನ ಸೀನಾ? ವಸುಪಾಲನಿಗೆ ಕೊಡಿ" ಅನ್ನುತ್ತಿದ್ದರು.

ಚಹಾ ಮುಗಿಯಿತು. ಮಾಸ್ತರು ಕಪ್ಪನ್ನು ಬದಿಗಿಟ್ಟರು.

"ಹೇಳು."

"ಜಿನಮತಿ ಹೋದಳ್ರಿ."

"ಯಾರು?"

"ನನ್ನ ಹೆಂಡತಿ. ಎರಡು ವರ್ಷ ಆತು."

ವಸುಪಾಲ ನೆಲ ನೋಡುತ್ತ ಹೇಳಿದ.

"ಆಸ್ಪತ್ರ್ಯಾಗ ಮೂರು ದಿವಸ ಆಕೀ ಬಾಜೂಕ ಕುಂತಿದ್ದೆ. ಮಕ್ಕಳಿಲ್ಲ ನಮಗ. ನಾ ಒಬ್ಬನ ಇದ್ದೆ. ಆಕೀ ಉಸಿರು ಒಂದು ನಮೂನಿ ಬರಾಕತ್ತಿತ್ತು. ಎಳೀತಿದ್ಲು, ನಿಲ್ಲತಿತ್ತು, ಮತ್ತ ಎಳೀತಿದ್ಲು. ಮಾಸ್ತರ, ನನ್ನ ಕಣ್ಣು ಆಕೀ ಗಂಟಲ ಮ್ಯಾಲಿತ್ತು."

ಮಾಸ್ತರು ತಲೆ ಎತ್ತಿದರು.

"ನನಗ ಅಳು ಬರಲಿಲ್ಲ. ತಲ್ಯಾಗ ಪಿಟೀಲು ಶುರುವಾದ್ವು. ಉಸಿರು ನಿಂತಲ್ಲಿ ಅವೂ ನಿಲ್ಲತಿದ್ವು. ನನ್ನ ಬೆರಳು ಮಂಚದ ಕಬ್ಬಿಣದ ಮ್ಯಾಲ ತಾಳ ಹಾಕಾಕತ್ತಿತ್ತು, ನನಗ ಖಬರಿಲ್ಲ. ಆಕೀ ಕಣ್ಣು ತೆರೆದ್ಲು. ನನ್ನ ಮುಖ ನೋಡಲಿಲ್ಲ. ಆ ಬೆರಳು ನೋಡಿದ್ಲು. ನೋಡಿ, ಕಣ್ಣು ಮುಚ್ಚಿದ್ಲು."

"ಆಮ್ಯಾಲ?"

"ಮತ್ತ ತೆರೀಲಿಲ್ಲ."

ಹೊಳೆಯಲ್ಲಿ ಯಾರೋ ಎಮ್ಮೆಗಳನ್ನು ಕರೆಯುತ್ತಿದ್ದರು. ಆ ಕೂಗು ದೂರವಾಯಿತು.

"ಆ ಧಾಟಿ ಏನು ಮಾಡಿದಿ?" ಮಾಸ್ತರು ಕೇಳಿದರು.

"ಒಂದು ಸಿನಿಮಾಕ್ಕ ಕೊಟ್ಟೆ. ತಾಯಿ ಸಾಯೂ ಸೀನು. ಥಿಯೇಟರಿನ್ಯಾಗ ಹಿಂದ ನಿಂತು ನೋಡಿದೆ. ಮಂದಿ ಬಿಕ್ಕಿ ಬಿಕ್ಕಿ ಅತ್ತರು. ನಾ ಒಬ್ಬನ ಒಣಗಣ್ಣೀಲೆ ನಿಂತಿದ್ದೆ. ಪ್ರಶಸ್ತಿ ಕೊಟ್ರು. ಅವತ್ತಿನಿಂದ ಕೀಬೋರ್ಡು ಮುಟ್ಟಿಲ್ಲ."

ಅವನು ತಲೆ ಎತ್ತಿದ. ಧ್ವನಿ ಗಡುಸಾಯಿತು.

"ಗಂಟಲಾ ನೋಡು ಅಂತ ಕಲಿಸಿದವರು ನೀವು."

"ಹೌದು. ನಾನ ಕಲಿಸಿದ್ದು."

ಬೈಗುಳಕ್ಕೂ ಸಮಾಧಾನಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ ವಸುಪಾಲ. ಈ ಒಪ್ಪಿಗೆಯನ್ನು ಅವನು ಎಣಿಸಿರಲಿಲ್ಲ.

"ಏನರ ಪ್ರಾಯಶ್ಚಿತ್ತ ಹೇಳ್ರಿ ಮಾಸ್ತರ."

ಮಾಸ್ತರು ಮೂಲೆಯಲ್ಲಿದ್ದ ಪೇಟಿಯನ್ನು ಎಳೆದು ಅವನ ಮುಂದಿಟ್ಟರು. ಹೊದಿಸಿದ್ದ ಬಟ್ಟೆ ತೆಗೆದರು.

"ಬಾರಸು. ಆ ಧಾಟೀನ ಬಾರಸು."

ತಿಂಗಳುಗಟ್ಟಲೆ ಸ್ವರದ ಯಾವ ಮನೆಯನ್ನೂ ಮುಟ್ಟದ ಬೆರಳುಗಳು ಮೊದಲು ತಡವರಿಸಿದವು. ಆಮೇಲೆ ದಾರಿ ಸಿಕ್ಕಿತು. ಅಡುಗೆಮನೆಯ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು. ರೊಟ್ಟಿ ಮಾಡುವ ಅಜ್ಜಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು.

"ಛಲೋ ಐತಿ," ಅಂದರು ಮಾಸ್ತರು. "ಖರೇನ ಛಲೋ ಐತಿ. ಆದ್ರ ಇದು ಸಾವು. ಸಾವು ಎಲ್ಲಾರ ಮನ್ಯಾಗೂ ಹಿಂಗ ಇರತೈತಿ. ಈಗ ಆಕೀನ್ನ ಬಾರಸು."

"ಯಾರನ್ನ?"

"ಜಿನಮತೀನ್ನ."

ಅವನ ಕೈ ಪೇಟಿಗೆ ಗಾಳಿ ತುಂಬುವ ತಿದಿಯ ಮೇಲೆಯೇ ನಿಂತಿತು. ಅವತ್ತು ಏನೂ ಬರಲಿಲ್ಲ.

ವಸುಪಾಲ ಮಠದಲ್ಲೇ ಉಳಿದ. ಮರುದಿನ ಬೆಳಿಗ್ಗೆ ಒಂದು ಇಂಪಾದ ಧಾಟಿ ನುಡಿಸಿದ. ಮಾಸ್ತರು ಕಣ್ಣು ಮುಚ್ಚಿ ಕೇಳಿದರು.

"ಇದು ಸಿನಿಮಾದಾಗಿನ ಹೆಂಡತಿ. ಮಲ್ಲಿಗಿ ಮುಡಕೊಂಡು ಬಾಗಲದಾಗ ನಿಂತಾಳ. ಜಿನಮತಿ ಮಲ್ಲಿಗಿ ಮುಡೀತಿದ್ಲೇನು?"

ವಸುಪಾಲ ಯೋಚಿಸಿದ.

"ನೆನಪಿಲ್ರಿ."

ಇನ್ನೊಂದು ದಿನ ವ್ಯಥೆಯ ಧಾಟಿ ಬಂತು.

"ಇದು ನೀನು. ಪಾಪ ಅನ್ನಿಸಿಕೊಳ್ಳಾಕ ಕುಂತಿ."

ನಾಲ್ಕಾರು ದಿನ ಕಳೆದವು. ಅವನು ತಿದಿ ಬಿಚ್ಚಿ, ಬೆರಳುಗಳನ್ನು ಮನೆಗಳ ಮೇಲಿಟ್ಟು, ಯಾವುದನ್ನೂ ಒತ್ತದೆ ಕುಳಿತ. ಪೇಟಿ ಬರೀ ಉಸಿರಾಡಿತು.

ಮಾಸ್ತರು ನಕ್ಕರು. ಅವನು ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

"ಆಕೀ ಅಂದ್ರ ಬರೀ ಮೌನಾ ಅಂತೀ? ಇದು ನಿನ್ನ ಜಾಣತನ. ತಗೀ ಕೈ."

ವಸುಪಾಲನಿಗೆ ಸಿಟ್ಟು ಬಂತು. ಚೀಲ ಎತ್ತಿಕೊಂಡು ಹೊರಡಬೇಕೆಂದುಕೊಂಡ. ಆದರೆ ಹೋಗುವುದೆಲ್ಲಿಗೆ? ಅವನಿಗಾಗಿ ಬಾಗಿಲು ತೆರೆಯುವವರು ಯಾವ ಊರಲ್ಲೂ ಇರಲಿಲ್ಲ.

ಮಠದಲ್ಲಿ ಅವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದ. ಮಧ್ಯಾಹ್ನ ಹೊಳೆಯ ಮೆಟ್ಟಿಲ ಮೇಲೆ ಕುಳಿತು ಅವಳನ್ನು ನೆನೆಯಲು ನೋಡುತ್ತಿದ್ದ.

ಬರುತ್ತಿದ್ದದ್ದು ತುಣುಕುಗಳು. ಮನೆಯಲ್ಲಿ ಅವನು ಕೆಲಸಕ್ಕೆ ಕೂರುತ್ತಿದ್ದ ಕೋಣೆಯ ಬಾಗಿಲ ಹೊರಗೆ, ತಟ್ಟೆ ಮುಚ್ಚಿ ಇಟ್ಟುಹೋದ ಚಹಾ. ದಾರ ಸುತ್ತಿ ಕಟ್ಟಿಕೊಂಡ ಅವಳ ಕನ್ನಡಕದ ಕಡ್ಡಿ. ಆದರೆ ಅವಳು ಆಡಿದ ಮಾತು? "ಬಂದ್ರ್ಯಾ?" "ಊಟಕ್ಕ ಏಳ್ರಿ." "ಫೋನು ಬಂದಿತ್ತು." ಎಷ್ಟು ಕೆದಕಿದರೂ ಇಷ್ಟೇ. ತಾನು ಸಂಗೀತ ಹಾಸಿದ ಯಾವ ನಾಯಕಿಯ ಮಾತನ್ನಾದರೂ ಅವನು ಉಸಿರು ಸಮೇತ ಒಪ್ಪಿಸಬಲ್ಲವನಾಗಿದ್ದ. ಇಪ್ಪತ್ತೆರಡು ವರ್ಷ ಜೊತೆಗಿದ್ದವಳ ಮಾತು ಮಾತ್ರ ಮೂರಕ್ಕೆ ಮುಗಿದುಹೋಗುತ್ತಿತ್ತು.

ಒಂದು ದಿನ ಬಟ್ಟೆ ಒಗೆದುಕೊಳ್ಳಲು ಹೊಳೆಗೆ ಇಳಿದ. ಕೆಳಗೆ ಊರ ಹೆಂಗಸೊಬ್ಬಳು ಬೆನ್ನು ಮಾಡಿ ಕುಳಿತು ಒಗೆಯುತ್ತಿದ್ದಳು. ಒಗೆಯುತ್ತ ಸಣ್ಣಗೆ ಏನೋ ಹಾಡಿಕೊಳ್ಳುತ್ತಿದ್ದಳು. ಅವನ ಹೆಜ್ಜೆ ಕೇಳಿದ್ದೇ ಹಾಡು ನಿಂತಿತು. ಅವಳು ಸೆರಗು ಸರಿಮಾಡಿಕೊಂಡು, ಬಟ್ಟೆಯ ಗಂಟನ್ನು ಪಕ್ಕಕ್ಕೆ ಎಳೆದುಕೊಂಡಳು.

"ಬರ್ರಿ ಯಪ್ಪಾ, ಜಾಗಾ ಐತಿ."

ವಸುಪಾಲ ಮೆಟ್ಟಿಲ ಮೇಲೆ ಕಲ್ಲಾದ.

"ಹಾಡ ಯಾಕ ನಿಲ್ಲಿಸಿದಿರಿ?"

ಹೆಂಗಸು ನಾಚಿಕೊಂಡಳು.

"ಅಯ್ಯ, ಅದೇನು ಹಾಡ್ರಿ. ನನ್ನಷ್ಟಕ್ಕ ನಾ."

ಅವನು ಬಟ್ಟೆಗಳನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದ. ಮಾಸ್ತರ ಕೋಣೆಗೆ ಬಂದಾಗ ಏದುಸಿರು ಬಿಡುತ್ತಿದ್ದ.

"ಏನಾತು?"

"ಮಾಸ್ತರ, ಆಕೀ ಹಾಡತಿದ್ಲು."

"ಯಾರು?"

"ಜಿನಮತಿ. ಸ್ಟುಡಿಯೋದಿಂದ ಮನೀಗೆ ಬಂದಾಗ ಬಾಗಲ ಹೊರಗ ಕೇಳಸ್ತಿತ್ತು. ಒಳಗ ಸಣ್ಣಗ ಹಾಡಿಕೋತ ಕೆಲಸ ಮಾಡತಿದ್ಲು. ನಾ ಬೆಲ್ ಒತ್ತತಿದ್ದೆ. ಹಾಡು ನಿಂತುಬಿಡತಿತ್ತು. ಬಾಗಲಾ ತಗದು, 'ಬಂದ್ರ್ಯಾ' ಅಂತಿದ್ಲು. ಮುಂದ ಮಾತಿಲ್ಲ. ಇಡೀ ದಿವಸ ಸಂಗೀತದಾಗ ದಣಿದು ಬರತಾರ, ಮನ್ಯಾಗರ ಸಪ್ಪಳ ಬ್ಯಾಡ ಅಂತ..."

ಅವನು ಮುಖದ ಬೆವರು ಒರೆಸಿಕೊಂಡ.

"ನಮ್ಮ ಮನಿ ಭಾಳ ಶಾಂತ ಐತಿ ಅಂತ ಕಂಡಕಂಡವರ ಮುಂದ ಹೇಳಕೋತಿದ್ದೆ ಮಾಸ್ತರ."

"ಯಾವ ಹಾಡು ಅದು?"

"ಗೊತ್ತಿಲ್ರಿ. ಒಂದ ಸಲಾನೂ ಕೇಳಲಿಲ್ಲ ನಾನು. ಯಾಕ ನಿಲ್ಲಿಸಿದಿ ಅಂತನೂ ಕೇಳಲಿಲ್ಲ."

ಅವನು ಗೋಡೆಗೆ ಒರಗಿ ಕುಸಿದು ಕುಳಿತ. ಆಸ್ಪತ್ರೆಯಲ್ಲಿ ಬಾರದ ಅಳು, ಥಿಯೇಟರಿನಲ್ಲಿ ಬಾರದ ಅಳು ಈಗ ಬಂತು. ಅದಕ್ಕೆ ತಾಳವಿರಲಿಲ್ಲ. ಮಾಸ್ತರು ಅವನನ್ನು ಮುಟ್ಟಲಿಲ್ಲ, ಸಂತೈಸಲಿಲ್ಲ. ಕಿಟಕಿಯ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯುವ ತನಕ ಅವನ ಎದುರಿಗೆ ಕುಳಿತೇ ಇದ್ದರು.

ಆಮೇಲೆ ವಸುಪಾಲ ತಾನಾಗಿಯೇ ಪೇಟಿಯನ್ನು ಎಳೆದುಕೊಂಡ. ತಿದಿ ಬಿಚ್ಚಿದ. ಒಂದು ಸುರ ಹಿಡಿದ. ಅದು ತೆಳ್ಳಗೆ, ಬಾಗಿಲ ಆಚೆಯಿಂದ ಬಂದಂತೆ ಕೇಳಿಸಿತು. ಮಾಸ್ತರು ಮುಂದಕ್ಕೆ ಬಾಗಿದರು.

ಸುರ ಅಲ್ಲಿಗೇ ನಿಂತಿತು.

"ಎರಡನೇದು ಬರವಲ್ದು ಮಾಸ್ತರ. ಅಷ್ಟರಾಗ ನನ್ನ ಕೈ ಬೆಲ್ ಮ್ಯಾಲ ಹೋಗತೈತಿ."

"ಒತ್ತಬ್ಯಾಡ," ಅಂದರು ಮಾಸ್ತರು. "ಹೊರಗ ನಿಂದ್ರು."