ಹುಣಸೆಯ ನೆರಳಿಗೆ ಬಂದ ಬಣ್ಣದ ಕೆಸು

ಲೋಕ ಆಗಿನ್ನೂ ಹೊಸದು. ಬೆಟ್ಟಗಳಿಗೆ ಹೆಸರಿಟ್ಟಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹಳ್ಳಗಳಿಗೆ ಇನ್ನೂ ಗೊತ್ತಿರಲಿಲ್ಲ. ಗಿಡ, ಗಾಳಿ, ಮನುಷ್ಯರು ಎಲ್ಲರದೂ ಒಂದೇ ಮಾತು. ಯಾರು ಏನಂದರೂ ಎಲ್ಲರಿಗೂ ತಿಳಿಯುತ್ತಿತ್ತು, ಅದರಿಂದ ಜಗಳವೂ ಜಾಸ್ತಿಯೇ ಇತ್ತು.

ಆ ಕಾಲದ ಒಂದು ಊರಲ್ಲಿ ಸಂಕವ್ವ ಎಂಬ ಹೆಂಗಸಿದ್ದಳು. ಬಟ್ಟೆಗೆ ಬಣ್ಣ ಹಾಕುವುದು ಅವಳ ಕಸುಬು. ಊರ ನಡುವಿನ ದೊಡ್ಡ ಹುಣಸೆ ಮರದಡಿ ಅವಳ ಬಣ್ಣದ ಗಡಿಗೆಗಳು. ಬಣ್ಣ ಕಚ್ಚಲು ಹುಳಿ ಕೊಡುತ್ತಿದ್ದುದು ಆ ಮರ. ಅದ್ದಿದ ಸೀರೆ ಮಾಸದೆ ಒಣಗಲು ನೆರಳು ಕೊಡುತ್ತಿದ್ದುದೂ ಆ ಮರ. ಅವಳು ಅದನ್ನು ಅತ್ತೆ ಎಂದು ಕರೆಯುತ್ತಿದ್ದಳು. ಮನೆಯ ಅತ್ತೆಗಿಂತ ಈ ಅತ್ತೆ ಎಷ್ಟೋ ವಾಸಿ ಎಂದು ಊರಿಗೆಲ್ಲ ಹೇಳಿಕೊಂಡೂ ಇದ್ದಳು.

ಆ ವರ್ಷ ಊರವರಿಗೆ ತೋಟ ಮಾಡುವ ಹುಚ್ಚು ಹಿಡಿಯಿತು. ಎಲ್ಲಿ ನೋಡಿದರೂ ಚೆಂಡು ಹೂವು, ಸೇವಂತಿಗೆ, ದಾಸವಾಳ. ಹುಣಸೆಯ ಕೆಳಗೆ ಮಾತ್ರ ಬರೀ ಕರಿ ನೆಲ. ಮಕ್ಕಳು ಅಲ್ಲಿ ಆಡಲು ಹೆದರಿದರು. ಒಂದು ದೆವ್ವ ಇದೆ ಎಂದು ಒಬ್ಬರು, ಒಂದಲ್ಲ ಎರಡು ಎಂದು ಇನ್ನೊಬ್ಬರು.

ಒಂದು ದಿನ ಊರ ಹಿರಿಯ ಕೆಂಚಗೌಡ ಬಂದು ಮರವನ್ನು ತಟ್ಟಿ ನೋಡಿದ.

"ಸಂಕವ್ವ, ಇದನ್ನ ಕಡಸ್ತೀವಿ. ನೆಲಕ್ಕ ಬಿಸಿಲು ಬಿದ್ದರ ಹೂ ಅರಳತಾವ. ಊರ ನಡುವ ಹಿಂಗ ಕತ್ತಲಿ ಇಟ್ಕೊಂಡು ಕೂಡಾಕ ಬರೂದಿಲ್ಲ."

"ಹಂಗನಬ್ಯಾಡ್ರಿ ಗೌಡ್ರ! ನೆರಳಾಗೂ ಬಣ್ಣ ಬರತೈತಿ. ನಾ ತರತೀನಿ."

"ಅಮಾಸಿಗೆ ಇನ್ನ ಹದಿನೈದ ದಿನ ಐತಿ. ಅಷ್ಟರಾಗ ತೋರಸು. ಇಲ್ಲಂದ್ರ ಕೊಡಲಿ ತರತೀವಿ."

ಮಾತು ಕೊಟ್ಟಾಯಿತು. ಆದರೆ ನೆರಳಿಗೆ ಬಣ್ಣ ಎಲ್ಲಿಂದ ತರುವುದೆಂದು ಸಂಕವ್ವನಿಗೂ ಗೊತ್ತಿರಲಿಲ್ಲ.

ಮೊದಲು ಚೆಂಡು ಹೂವಿನ ಗಿಡ ತಂದು ನೆಟ್ಟಳು. ಅದು ಬಿಸಿಲು ಹುಡುಕುತ್ತ ಕತ್ತು ಚಾಚಿತು, ಚಾಚಿ ಚಾಚಿ ದಾರದಷ್ಟು ಸಣ್ಣಗಾಯಿತು. "ಯವ್ವಾ, ನನ್ನ ಯಾಕ ಇಲ್ಲಿ ತಂದಿ? ಉಸಿರು ಕಟ್ಟತೈತಿ," ಎಂದಿತು. ಸೇವಂತಿಗೆಯೂ ಅದೇ ಮಾತು ಹೇಳಿತು. ದಾಸವಾಳ ಮಾತನ್ನೂ ಆಡದೆ ಮೊಗ್ಗೆಲ್ಲ ಉದುರಿಸಿತು. ಸಂಕವ್ವ ಮೂರನ್ನೂ ಕಿತ್ತು ಬಿಸಿಲಿಗೆ ವಾಪಸು ಕಳಿಸಿದಳು. ಅಷ್ಟರಲ್ಲಿ ಎಂಟು ದಿನ ಕಳೆದಿತ್ತು.

ಸಂಕವ್ವ ಉಣ್ಣುವುದನ್ನೇ ಮರೆತಳು. ಯಾರಾದರೂ ಸೌದೆ ಒಡೆದರೆ ಬೆಚ್ಚಿಬೀಳುತ್ತಿದ್ದಳು.

"ಬಿಡವ್ವ, ನನಗೂ ವಯಸ್ಸಾತು," ಎಂದಿತು ಹುಣಸೆ.

"ಸುಮ್ಮನಿರತ್ತಿ! ಹುಣಸಿ ಮುಪ್ಪಾದ್ರ ಹುಳಿ ಮುಪ್ಪಾಗತೈತೇನು?" ಎಂದು ಸಂಕವ್ವ ಗದರಿದಳು.

ಇದನ್ನೆಲ್ಲ ನೋಡುತ್ತಿದ್ದ ಗಾಳಿಗೆ ತಡೆಯಲಾಗಲಿಲ್ಲ. "ಬಿಸಿಲು ಬೇಡೋರನ್ನ ನೆರಳಿಗೆ ಕರದರ ಹೆಂಗವ್ವ? ನೆರಳಾಗ ಹುಟ್ಟಿದವರನ್ನ ಕರಿ. ಹಳ್ಳದ ದಂಡಿಗೆ ಹೋಗಿ ನೋಡು," ಎಂದಿತು.

ಸಂಕವ್ವ ಓಡಿದಳು. ಹಳ್ಳದ ದಂಡೆಯಲ್ಲಿ, ಪೊದೆಗಳ ನೆರಳಲ್ಲಿ, ಕೆಸು ಆರಾಮವಾಗಿ ನಿಂತಿತ್ತು. ಹುಣಸೆಯ ಅಡಿಗೆ ಬಾ ಎಂದು ಕರೆದಳು.

"ಬರಾಕ ಅಡ್ಡಿಲ್ಲ. ಆದ್ರ ಹೂ ಕೇಳಬ್ಯಾಡ," ಎಂದಿತು ಕೆಸು. "ಇಲ್ಲಿ ಬೆಳಕ ಕಡಿಮಿ. ಎಲಿ ಅಗಲ ಮಾಡಿ ಸಿಕ್ಕಷ್ಟು ಹಿಡದು ಹೊಟ್ಟಿ ತುಂಬಸ್ಕೊಂತೀನಿ. ಹೂವಿಗೆ ಎಲ್ಲಿಂದ ತರಲಿ?"

ಸಂಕವ್ವ ಆ ಎಲೆ ನೋಡಿದಳು. ಹಾಸಿದ ಬಟ್ಟೆಯ ಹಾಗೆ ಅಗಲವಾಗಿತ್ತು.

"ಹೂ ಬ್ಯಾಡ ನನ್ನವ್ವ. ನಿನ್ನ ಎಲಿ ಕೊಡು."

ಕೆಸುವನ್ನು ಬೇರು ಸಮೇತ ತಂದು ಹುಣಸೆಯ ಬುಡದಲ್ಲಿ ನೆಟ್ಟಳು. ಕೆಂಪು ಬಣ್ಣ ಕಾಸಿ ಆರಿಸಿ, ಎಲೆಗಳನ್ನು ಬಾಗಿಸಿ ಒಂದೊಂದಾಗಿ ಗಡಿಗೆಯಲ್ಲಿ ಅದ್ದಿದಳು. ಬಟ್ಟೆ ಅದ್ದುವವರಿಗೆ ಒಂದೇ ಚಿಂತೆ, ಒಂದು ಎಳೆಯೂ ಬಣ್ಣ ಕುಡಿಯದೆ ಉಳಿಯಬಾರದು. ಹಾಗೆಯೇ ಅವಳು ಐದು ಎಲೆಗಳಲ್ಲಿ ನಾಲ್ಕನ್ನು ತುದಿಯಿಂದ ತೊಟ್ಟಿನವರೆಗೆ ಮುಳುಗಿಸಿದಳು. ಐದನೆಯದು ಇನ್ನೂ ಎಳೆಯದೆಂದು ಬಿಟ್ಟಳು. ಕರಿ ನೆಲದ ಮೇಲೆ ಕೆಂಪು ಧಗಧಗ ಹೊಳೆಯಿತು. ಅವತ್ತು ಅವಳು ಹೊಟ್ಟೆ ತುಂಬ ಉಂಡಳು.

ಮೂರನೆಯ ದಿನ ನಾಲ್ಕೂ ಎಲೆ ಜೋತುಬಿದ್ದವು.

"ಯವ್ವಾ, ಹಸಿವು," ಎಂದು ಕೆಸು ನರಳಿತು. "ಹಸಿರ ನನ್ನ ಬಾಯಿ. ಬಾಯೆಲ್ಲ ಮುಚ್ಚಿಬಿಟ್ಟಿ. ಬೆಳಕು ಹೆಂಗ ಉಣ್ಣಲಿ?"

ಮರ ಉಳಿಸಲು ಹೋಗಿ ಪಾಪದ ಕೆಸುವಿನ ಜೀವಕ್ಕೂ ಸಂಚಕಾರ ತಂದೆನಲ್ಲ ಎಂದು ಸಂಕವ್ವ ಅತ್ತಳು. ಕಣ್ಣೊರೆಸಿಕೊಳ್ಳಲು ಸೆರಗೆತ್ತಿದರೆ, ಸೆರಗಿನ ತುಂಬ ಚುಕ್ಕಿ. ಅವಳೇ ದಾರದಿಂದ ಗಂಟು ಕಟ್ಟಿ ಅದ್ದಿದ ಸೆರಗು ಅದು. ಗಂಟು ಬಿದ್ದ ಕಡೆ ಬಣ್ಣ ಇಳಿದಿರಲಿಲ್ಲ.

ಉಳಿದದ್ದು ಒಂದೇ ಎಲೆ, ಮೂರೇ ದಿನ. ಬಾಳೆನಾರು ಸೀಳಿ, ಆ ಎಲೆಯ ಮೈಮೇಲೆ ಸಣ್ಣ ಸಣ್ಣ ಗಂಟು ಕಟ್ಟತೊಡಗಿದಳು. ಸಾವಿರ ಸೀರೆಗೆ ಗಂಟು ಕಟ್ಟಿದ ಕೈ ಅವತ್ತು ಒಂದೊಂದು ಗಂಟಿಗೂ ತಡೆದು ತಡೆದು ಕಟ್ಟಿತು. ಎಲ್ಲಿ ಹರಿದುಬಿಡುತ್ತದೋ ಎಂಬ ಭಯ.

"ಬಿಗಿ ಆತು," ಎಂದಿತು ಕೆಸು.

"ತಡ್ಕೊ ನನ್ನವ್ವ, ಒಂದೀಟು ತಡ್ಕೊ."

ಕೆಸುವಿನ ಊಟಕ್ಕಿರಲೆಂದು ಅಂಚನ್ನು ಸುತ್ತಲೂ ಬೆರಳಲ್ಲಿ ಮೇಲೆತ್ತಿ ಹಿಡಿದು, ಎಲೆಯ ನಡುವನ್ನಷ್ಟೇ ಬಣ್ಣಕ್ಕೆ ಮುಟ್ಟಿಸಿದಳು. ನಡುವೆಲ್ಲ ಕೆಂಪಾಯಿತು, ಅಂಚಿನ ಹಸಿರು ಹಾಗೇ ಉಳಿಯಿತು. ನಾರು ಬಿಚ್ಚಿದಾಗ ಗಂಟಿನ ಜಾಗದಲ್ಲಿ ಕೆಂಪೂ ಇಲ್ಲ ಹಸಿರೂ ಇಲ್ಲ, ನಾರಿನ ಬಿಗಿಗೆ ಹಸಿರು ಹಿಂಡಿಹೋಗಿ ಬೆಳ್ಳಗೆ ಚುಕ್ಕಿ ಎದ್ದಿತ್ತು. ಗಡಿಗೆಯಲ್ಲಿ ಉಳಿದ ಬಣ್ಣದ ನೀರನ್ನು ಚೆಲ್ಲಲು ಮನಸ್ಸು ಬಾರದೆ ಕೆಸುವಿನ ಬುಡಕ್ಕೇ ಸುರಿದಳು. ಆಮೇಲೆ ಎರಡು ಹಗಲು ಅದರ ಪಕ್ಕದಲ್ಲೇ ಕುಳಿತು, "ಹಸಿವಾತೇನ? ಹಸಿವಾತೇನ?" ಎಂದು ಕೇಳುತ್ತಲೇ ಇದ್ದಳು. "ಹಂಗ ಕೇಳಿದ್ರ ಹಸಿವಾಗತೈತಿ, ಸುಮ್ಮನಿರು," ಎಂದಿತು ಕೆಸು. ಎಲೆ ಬಾಡಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಕೆಂಚಗೌಡ ಕೊಡಲಿ ಹಿಡಿದು ಬಂದ. ಹಿಂದೆ ಊರೇ ಇತ್ತು. ಬಗ್ಗಿ ಎಲೆ ನೋಡಿದ. ಧೋತರದ ಚುಂಗು ಒದ್ದೆ ಮಾಡಿ ತಿಕ್ಕಿದ. ಬಣ್ಣ ಹೋಗಲಿಲ್ಲ.

"ಚೆಂದ ಐತಿ. ಆದ್ರ ಇದು ನಿನ್ನ ಕೈಯಾಗಿನ ಬಣ್ಣ, ಗಿಡದ್ದಲ್ಲ. ಈ ಎಲಿ ಉದುರಿದ ಮ್ಯಾಲೆ? ಜೀವ ಇರೂತನಕ ಅದ್ದಕೊಂತ ಕೂಡ್ತೀಯೇನು?"

ಕೊಡಲಿ ಮೇಲೆದ್ದಿತು.

"ತಡೀರಿ," ಎಂದಿತು ಕೆಸು ಸಣ್ಣ ದನಿಯಲ್ಲಿ. "ನನ್ನ ಕೂಸು ಬರಾಕತ್ತೈತಿ."

ತೊಟ್ಟಿನ ಸಂದಿಯಿಂದ ಸುರುಳಿ ಸುತ್ತಿಕೊಂಡ ಹೊಸ ಎಲೆಯೊಂದು ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಮೊದಲು ಕಂಡದ್ದು ಹಸಿರು ಅಂಚು. ಸಂಕವ್ವ ಕಣ್ಣು ಮುಚ್ಚಿಕೊಂಡಳು. ಹೋಯಿತು, ಎಲ್ಲ ಹೋಯಿತು ಎಂದುಕೊಂಡಳು. ಜನ "ಹೋ!" ಎಂದಾಗ ಕಣ್ಣು ತೆರೆದಳು. ಎಲೆಯ ನಡುವೆ ಕೆಂಪು, ಕೆಂಪಿನ ಮೇಲೆ ಬಿಳಿ ಚುಕ್ಕಿ!

"ಇದಕ್ಕ ಯಾರು ಗಂಟು ಕಟ್ಟಿದ್ರು?" ಎಂದ ಗೌಡ.

ಯಾರೂ ಕಟ್ಟಿರಲಿಲ್ಲ. ಬುಡಕ್ಕೆ ಸುರಿದ ಬಣ್ಣವನ್ನು ಬೇರು ಕುಡಿದಿತ್ತು, ತಾಯಿಯ ಬಣ್ಣವೇ ಕೂಸಿಗೂ ಬಂದಿತ್ತು. ಗೌಡ ಕೊಡಲಿ ಕೆಳಗಿಟ್ಟ. ಗಡ್ಡ ಕೆರೆದುಕೊಂಡ.

"ಸಂಕವ್ವ, ನಮ್ಮ ಹಿತ್ತಲ ಗ್ವಾಡಿ ಮಗ್ಗಲಕ್ಕೂ ಬಿಸಿಲು ಬರೂದಿಲ್ಲ. ಈ ಕೆಸುವಿನ ಒಂದು ಗಡ್ಡಿ ಕೊಡ್ತೀಯೇನು, ನೆಡಾಕ?"

ಸಂಕವ್ವ ಹುಣಸೆಯ ಒರಟು ಮೈ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಅದಕ್ಕೇ ಕಂದಾ, ಇವತ್ತಿಗೂ ಹೂ ಅರಳದ ನೆರಳಿನಲ್ಲಿ ಬಣ್ಣದ ಕೆಸು ಎಲೆಯನ್ನೇ ಹೂವಾಗಿ ಹರಡಿ ನಿಂತಿರುತ್ತದೆ, ಅಂಚಿಗೆ ಮಾತ್ರ ತನ್ನ ಊಟಕ್ಕೆಂದು ಒಂದಿಷ್ಟು ಹಸಿರು ಉಳಿಸಿಕೊಂಡಿರುತ್ತದೆ.