ಕೆಂಪು ದಾರದ ಗಿಡ

ಹಿತ್ತಲ ಬೇಲಿ ಮೂಲೆಯಲ್ಲಿ ಮೂರು ಗಾಂಜಾ ಗಿಡ ಬೆಳೆದ ಅಂತ ಚಂದವ್ವನ ಹಿರಿಮಗ ಮಲ್ಲಾರಿಯನ್ನ ರಾಜನ ಆಳುಗಳು ಎಳಕೊಂಡು ಹೋದರಂತೆ, ಒಂದಾನೊಂದು ಕಾಲದಲ್ಲಿ. ಅಮಾವಾಸ್ಯೆಗೆ ಮಠಕ್ಕೆ ಬರೋ ಸಾಧುಗಳಿಗೆ ಒಂದು ಚಿಟಿಕೆ ಕೊಡೋದು ಆ ಮನೆ ವಾಡಿಕೆ. ರಾಜ್ಯದಲ್ಲಿ ಅದು ತಪ್ಪು. ಕಾಲು ಕಂಬಳಿ ಒಳಗೆ ತಗೋ ಮಗಾ.

ಆಮೇಲೆ ಖಜಾನೆ ಬರಿದಾಯ್ತು ಅಂತ ರಾಜ ಡಂಗುರ ಹೊಡೆಸಿದನಂತೆ, ಇವತ್ತಿಂದ ಗಾಂಜಾ ತಪ್ಪಲ್ಲ, ಯಾರಾದರೂ ಬೆಳೀರಿ, ಗಿಡಕ್ಕಿಷ್ಟು ತೆರಿಗೆ ಕೊಡಿ ಅಂತ. ಚಂದವ್ವ ಸೆರೆಮನೆಗೆ ಓಡಿದಳು, ನನ್ನ ಮಗನ್ನ ಬಿಡಪ್ಪಾ ಅಂದಳು. ಕಾವಲಿನವನು ಎಲೆಅಡಿಕೆ ಉಗಿದು, ಅವನು ಬೆಳೆದಾಗ ತಪ್ಪೇ ಇತ್ತಲ್ಲ ಮುದುಕಿ, ದಂಡ ಕಟ್ಟಿ ಕರಕೊಂಡು ಹೋಗು ಅಂದನಂತೆ.

ದಂಡಕ್ಕೆ ಎಲ್ಲಿ ಹೋಗೋದು? ನಡುವಿನವ ಗುರುಸಿದ್ದ, ಅವ್ವಾ, ಈ ಸಲ ಜೋಳ ಬೇಡ, ಹೊಲಕ್ಕೆಲ್ಲ ಗಾಂಜಾ ಹಾಕೋಣ, ಸುಗ್ಗಿಗೆ ಅಣ್ಣ ಮನೇಲಿರ್ತಾನೆ ಅಂದ. ಊರಿಗೆ ಊರೇ ಜೋಳ ಬಿಟ್ಟು ಅದನ್ನೇ ಬಿತ್ತಿತಂತೆ. ಗಿಡ ಗೇಣುದ್ದ ಆದಾಗ ಸುಂಕದವನು ಬಂದು ಒಂದೊಂದಕ್ಕೂ ಕೆಂಪು ದಾರ ಕಟ್ಟಿದ, ಸುಗ್ಗಿಯಲ್ಲಿ ದಾರಕ್ಕೊಂದು ಗಿಡ ತೋರಿಸಬೇಕು, ತೋರಿಸದಿದ್ದರೆ ಕದ್ದು ಮಾರಿದ ಹಾಗೆ ಅಂದ.

ಆಮೇಲೆ ಗಿಡ ಎದೆಯುದ್ದ ಬಂತು. ಚಂದವ್ವ ಸಾಲು ಸಾಲು ನೋಡಿ, ಗಂಡು ಗಿಡ ಕೀಳೋ ಗುರುಸಿದ್ದಾ, ಅವು ಹೂಬಿಟ್ಟರೆ ಹೆಣ್ಣೆಲ್ಲ ಬೀಜ ಕಟ್ಟುತ್ತೆ, ಬೀಜದ ಗಾಂಜಾ ನಾಯಿನೂ ಮೂಸಲ್ಲ ಅಂದಳು. ದಾರ ಕಟ್ಟಿದಾರಲ್ಲವ್ವಾ ಅಂದ ಅವನು. ದಾರ ಕಟ್ಟಿದವನಿಗೆ ಗಂಡು ಯಾವುದು ಹೆಣ್ಣು ಯಾವುದು ಗೊತ್ತಿಲ್ಲ, ಅವನ ಮದುವೆ ಹೇಗಾಯ್ತೋ ಅಂದಳು. ನಗಬೇಡ, ಕೇಳು. ಗುರುಸಿದ್ದ ಗಿಡಕ್ಕೆ ಕೈ ಹಾಕೋದು, ದಾರ ನೋಡೋದು, ಕೈ ತೆಗೆಯೋದು. ಕೀಳಲಿಲ್ಲ. ಊರಲ್ಲಿ ಒಬ್ಬರೂ ಕೀಳಲಿಲ್ಲ. ಹೊಲವೆಲ್ಲ ಬೀಜ ಕಟ್ಟಿತು, ವ್ಯಾಪಾರಿಗಳು ಬೆರಳಲ್ಲಿ ಹಿಸುಕಿ ನೋಡಿ ಬಂದ ಗಾಡಿಯಲ್ಲೇ ವಾಪಸ್ ಹೋದರು. ತೆರಿಗೆಗೆ ಅದು ಗೊತ್ತಾ? ತೆರಿಗೆಗೆ ಹೊಲವೂ ಹೋಯ್ತು, ಅದೂ ಸಾಲದೆ ಗುರುಸಿದ್ದನೂ ಸೆರೆಮನೆಗೆ ಹೋದ, ಅಣ್ಣನ ಪಕ್ಕಕ್ಕೆ.

ಉಳಿದವನು ಕಿರಿಯ, ಕೆಂಚ. ತೆರಿಗೆ ಸೇರಿ ದಾರದ ಗಾಂಜಾ ಪೇಟೆಯಲ್ಲಿ ಬೆಂಕಿ ಬೆಲೆ, ದಾರ ಇಲ್ಲದ್ದಿದ್ದರೆ ಕೊಡಪ್ಪಾ ಅಂತ ಜನ ಮುಸುಕು ಹಾಕಿಕೊಂಡು ಬಾಗಿಲಿಗೆ ಬರೋರಂತೆ. ಚಂದವ್ವ ಬೇಡ ಬೇಡ ಅಂದರೂ ಕೇಳದೆ, ಇಬ್ಬರ ದಂಡಕ್ಕೂ ಆಗುತ್ತೆ ಅಂತ, ಅದೇ ಬೇಲಿ ಮೂಲೆಯಲ್ಲಿ ಮತ್ತೆ ಬೀಜ ಹಾಕಿದ. ಗಂಡು ಗಿಡ ಅವನೇ ಕಿತ್ತ. ಒಳ್ಳೇ ಬೆಳೆ ಬಂತು. ಆಳುಗಳು ಬಂದರು. ಗಾಂಜಾ ಈಗ ತಪ್ಪಲ್ಲವಲ್ಲ ಅಂದ ಕೆಂಚ. ಗಿಡ ತಪ್ಪಲ್ಲ ಮಾರಾಯಾ, ದಾರ ಇಲ್ಲದ್ದು ತಪ್ಪು ಅಂದರಂತೆ.

ರಾಜನ ಖಜಾನೆ ತುಂಬಿತು. ಸೆರೆಮನೆಗೆ ಇನ್ನೊಂದು ಅಂಕಣ ಕಟ್ಟಿಸಿದ. ಚಂದವ್ವ ಮೂವರಿಗೂ ರೊಟ್ಟಿ ಒಯ್ಯಬೇಕು ಅಂತ ಊರೆಲ್ಲ ಜೋಳ ಕೇಳಿದಳಂತೆ. ಯಾರ ಮನೆಯಲ್ಲೂ ಇರಲಿಲ್ಲ. ಆಮೇಲೆ ಬರಿಗೈಲೇ ಹೋಗಿ ಸೆರೆಮನೆ ಬಾಗಿಲಲ್ಲಿ ಕೂತಳಂತೆ.

ಅಲ್ಲೇ ಸತ್ತಳು. ಇಷ್ಟೇ ಕತೆ.