ಹೊಂಡದಿಂದ ಎತ್ತಿದ ಅಗಸೆ

ಪೂಜ್ಯ ಹಾಲಯ್ಯಜ್ಜನವರು ಕರಿಹೊಂಡದ ಹುಲ್ಲುಮಾಡಿನ ಮಠದಲ್ಲಿ ನೆಲೆಸಿದ್ದ ಕಾಲವದು. ಊರವರು ಅಗಸೆ ಬೆಳೆದು, ಅದರ ದಂಟಿನ ನಾರಿನಿಂದ ಮನೆಯಲ್ಲೇ ಬಟ್ಟೆ ನೇಯುತ್ತಿದ್ದರು. ಅಜ್ಜನವರೂ ಜಗಲಿಯಲ್ಲಿ ಕುಳಿತು ನಾರು ನೂಲುತ್ತಲೇ ಭಕ್ತರ ಅಹವಾಲು ಕೇಳುತ್ತಿದ್ದರು.

ಅದೇ ಊರಿನ ನಿಂಬೆವ್ವನಿಗೆ ಮಠವೆಂದರೆ ಅಷ್ಟಕ್ಕಷ್ಟೇ. ನೂಲುವ ಸ್ವಾಮಿಯ ಕಾಲಿಗೆ ಬೀಳುವುದಕ್ಕಿಂತ ನೂಲುವುದೇ ವಾಸಿ ಎಂದು ನಗುತ್ತಿದ್ದಳು. ಆ ವರ್ಷ ಅವಳ ಮಗಳು ಕಾಶವ್ವ ತುಂಬು ಬಸುರಿಯಾಗಿ ತವರಿಗೆ ಬಂದಿದ್ದಳು. ಹುಟ್ಟುವ ಕೂಸನ್ನು ತವರಿನ ಅಗಸೆ ಬಟ್ಟೆಯಲ್ಲೇ ಹಿಡಿಯಬೇಕೆಂಬುದು ಅಲ್ಲಿನ ಪದ್ಧತಿ. ಹಿಂದಿನ ಸಲ ಬೆಳೆ ಕೈಕೊಟ್ಟು, ಪೇಟೆಯ ಬಟ್ಟೆಯಲ್ಲಿ ಹಿಡಿದ ಕೂಸು ಉಳಿಯಲಿಲ್ಲ. ಅದು ತನ್ನದೇ ತಪ್ಪೆಂದು ನಿಂಬೆವ್ವ ಒಳಗೊಳಗೇ ಬೇಯುತ್ತಿದ್ದಳು.

ಈ ಸಲ ಅಗಸೆಯನ್ನು ಬೇರುಸಮೇತ ಕಿತ್ತು, ಕೆಂಪು ದಾರದಲ್ಲಿ ಕಟ್ಟು ಕಟ್ಟಿ, ದಂಟು ಕೊಳೆತು ನಾರು ಬಿಡಲೆಂದು ಊರ ಹೊಂಡದಲ್ಲಿ ಕಲ್ಲು ಹೇರಿ ಮುಳುಗಿಸಿದಳು. ಎಂಟನೆಯ ದಿನ ಎತ್ತದಿದ್ದರೆ ನಾರೂ ಕೊಳೆಯುತ್ತದೆ. ಆದರೆ ಆರನೆಯ ದಿನವೇ ಅವಳು ಜ್ವರದಿಂದ ಹಾಸಿಗೆ ಹಿಡಿದಳು. ಕಾಶವ್ವ ನೀರಿಗಿಳಿಯುವಂತಿರಲಿಲ್ಲ. ಹೊಂಡದಲ್ಲಿ ಬೇರೆಯವರ ಕಟ್ಟು ಮುಟ್ಟುವುದು ಕಳ್ಳತನಕ್ಕೆ ಸಮ ಎಂದು ಊರೆಲ್ಲ ನಂಬಿದ್ದರಿಂದ ನೆರೆಯವರೂ ಕೈಹಾಕಲಿಲ್ಲ.

ಹದಿಮೂರನೆಯ ದಿನ ನಿಂಬೆವ್ವ ಗೋಡೆ ಹಿಡಿದುಕೊಂಡೇ ಹೊಂಡಕ್ಕೆ ಹೋದಳು. ಕಲ್ಲುಗಳಿದ್ದವು, ಕಟ್ಟುಗಳಿರಲಿಲ್ಲ. ಎಲ್ಲವೂ ಕೊಳೆತು ಕೆಸರಾಯಿತೆಂದುಕೊಂಡಳು. ಮಗಳಿಗೆ ಯಾವ ಮುಖ ತೋರಿಸುವುದೆಂದು ತಿಳಿಯದೆ, ಹುಟ್ಟಿದಮೇಲೆ ಮೊದಲ ಸಲ ಮಠದ ಮೆಟ್ಟಿಲು ಹತ್ತಿ, ತಾನೇನು ಪಾಪ ಮಾಡಿದೆನೆಂದು ಅತ್ತಳು.

ಅಜ್ಜನವರು ನೂಲುತ್ತಿದ್ದ ಕದಿರು ಕೆಳಗಿಟ್ಟು, ಅವಳನ್ನು ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಬಿಸಿಲಿನಲ್ಲಿ ಅಗಸೆ ದಂಟು ಹರಡಿತ್ತು, ಪಕ್ಕದಲ್ಲಿ ಅವಳದೇ ಕೆಂಪು ದಾರಗಳಿದ್ದವು. ನಿಂಬೆವ್ವ ಒಂದು ದಂಟು ಮುರಿದಳು. ಒಳಗಿನ ಕಡ್ಡಿ ಕಳಚಿ ಬಿದ್ದು, ಉದ್ದನೆಯ ನಾರು ಕೈಯಲ್ಲಿ ಉಳಿಯಿತು. ಹೋದ ಜೀವ ಬಂದಂತಾಯಿತು. ಆ ವಾರವಿಡೀ ಅಜ್ಜನವರ ಮೈಯಿಂದ ಕೊಳೆತ ನೀರಿನ ವಾಸನೆ ಬರುತ್ತಿದೆಯೆಂದು ಭಕ್ತರು ಪಿಸುಗುಟ್ಟಿದ್ದನ್ನು ಕಾಶವ್ವ ಹೇಳಿದ್ದಳು; ಅದು ಏಕೆಂದು ಈಗ ಅವಳಿಗೆ ತಿಳಿಯಿತು.

"ಇನ್ನೊಬ್ಬರ ಕಟ್ಟು ಮುಟ್ಟಬಾರದಲ್ರೀ ಅಜ್ಜಾರ?" ಎಂದಳು ಸಣ್ಣ ದನಿಯಲ್ಲಿ.

"ಜ್ವರದಾಗ ಬಿದ್ದಾಕಿ ಕಟ್ಟು ಇನ್ನೊಬ್ಬರದಂತ ನನಗ ಅನಿಸಲಿಲ್ಲವ್ವ" ಎಂದರು ಅಜ್ಜನವರು.

ನಿಂಬೆವ್ವ ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು.

ಆ ನಾರಿನ ಬಟ್ಟೆಯಲ್ಲಿ ಹಿಡಿದ ಕೂಸು ಓಣಿಗೆಲ್ಲ ಕೇಳುವಂತೆ ಅತ್ತಿತು. ನಿಂಬೆವ್ವನೂ ನಿರಾಳವಾಗಿ ಅತ್ತಳು. ಮರುವರ್ಷದಿಂದ ಊರಲ್ಲಿ ಯಾರೇ ಕಾಯಿಲೆ ಬಿದ್ದರೂ, ಎಂಟನೆಯ ದಿನ ಬೆಳಿಗ್ಗೆ ಸೀರೆ ಎತ್ತಿಕಟ್ಟಿ ಹೊಂಡಕ್ಕಿಳಿದು ಅವರ ಕಟ್ಟುಗಳನ್ನು ಎತ್ತುತ್ತಿದ್ದವಳು ಅವಳೇ.